ಡಾಕ್ಟರ್ ಚೀಟಿ ಇದ್ದರೂ ಗಾಂಜಾ ಕೇಸ್ ಯಾಕೆ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದಾನೆ, ಸಿಯಾಟಲ್ ಹತ್ತಿರ ರೆಡ್ಮಂಡ್ ಅಂತ ಊರು. ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ಕಾರು ಅಪಘಾತ ಆದಮೇಲೆ ಅವನಿಗೆ ಬೆನ್ನುನೋವು ಬಿಟ್ಟೇ ಇಲ್ಲ. ಮಾತ್ರೆ, ಇಂಜೆಕ್ಷನ್, ಫಿಸಿಯೋಥೆರಪಿ ಎಲ್ಲ ಮುಗಿದು ಕೊನೆಗೆ ಅಲ್ಲಿನ ವೈದ್ಯರೇ ಗಾಂಜಾ ಬಳಸಬಹುದು ಅಂತ ಅನುಮತಿ ಪತ್ರ ಬರೆದುಕೊಟ್ಟಿದ್ದಾರೆ. ಅಂಗಡಿಯಲ್ಲಿ ದುಬಾರಿ ಅಂತ ಗ್ಯಾರೇಜಿನಲ್ಲಿ ಆರು ಗಿಡ ಬೆಳೆಸಿಕೊಂಡಿದ್ದನಂತೆ. ಪಕ್ಕದ ಮನೆಯವರು ವಾಸನೆ ಅಂತ ದೂರು ಕೊಟ್ಟು ಪೊಲೀಸರು ಬಂದರು. ಪತ್ರ ತೋರಿಸಿದರೂ ಗಿಡ ಕಿತ್ತುಕೊಂಡು ಹೋಗಿ ಕೇಸ್ ಹಾಕಿದ್ದಾರೆ. ಈಗ ಸರ್ಕಾರಿ ವಕೀಲರು, ತಪ್ಪು ಒಪ್ಪಿಕೋ, ಜೈಲಿಲ್ಲ, ಒಂದು ವರ್ಷ ಸರಿಯಾಗಿದ್ದರೆ ಕೇಸೇ ತೆಗೆದುಹಾಕುತ್ತೇವೆ ಅನ್ನುತ್ತಿದ್ದಾರಂತೆ. ಒಪ್ಪಿಕೊಂಡು ಮುಗಿಸಿಬಿಡುತ್ತೇನೆ ಅಂತಾನೆ. ಡಾಕ್ಟರ್ ಬರೆದುಕೊಟ್ಟದ್ದನ್ನು ತೆಗೆದುಕೊಂಡರೆ ಅದು ಅಪರಾಧ ಹೇಗೆ ಆಗುತ್ತದೆ? ಸುಮ್ಮನೆ ಊರಿಗೆ ಬಂದುಬಿಡು ಅಂತ ಹೇಳಲಾ? ನಮ್ಮ ಯಜಮಾನರಿಗೆ ಇನ್ನೂ ಗೊತ್ತಿಲ್ಲ.
ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಕಾಗದ ಬಂದ ಕೂಡಲೇ ಎರಡು ಸಾಲು ಬರೆದು ಕಳಿಸಿದ್ದೆ, ತಲುಪಿದೆ ಅಂದುಕೊಂಡಿದ್ದೇನೆ. ಇಮಿಗ್ರೇಷನ್ ಕಾನೂನು ಗೊತ್ತಿರುವ ವಕೀಲರನ್ನು ಕಾಣುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ಕೋರ್ಟಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡ. ಇಷ್ಟೇ ಅದರಲ್ಲಿದ್ದದ್ದು. ಯಾಕೆ ಅಷ್ಟು ಅವಸರ ಮಾಡಿದೆ ಅಂತ ಈಗ ವಿವರವಾಗಿ ಹೇಳುತ್ತೇನೆ. ನಿಮ್ಮ ಮಗನ ಹಾಗೆ ಬೆಲ್‌ವ್ಯೂ, ರೆಡ್ಮಂಡ್, ಸ್ಯಾನ್ ಹೋಸೆ ಕಡೆ ಇರುವ ನಮ್ಮ ಎಷ್ಟೋ ಮಕ್ಕಳಿಗೆ ಇದು ಬೇಕಾಗುವ ವಿಷಯ.

ಒಪ್ಪಿಕೊಂಡರೆ ಕೇಸ್ ತೆಗೆದುಹಾಕುತ್ತೇವೆ ಅನ್ನುವ ಮಾತು ಆ ದೇಶದ ಪ್ರಜೆಗೆ ಒಳ್ಳೆಯದೇ. ವೀಸಾ ಮೇಲೆ ಇರುವವರಿಗೆ ಅದು ಗುಂಡಿ. ಅಮೆರಿಕದ ಇಮಿಗ್ರೇಷನ್ ಕಾನೂನಿನಲ್ಲಿ ಶಿಕ್ಷೆ ಅನ್ನುವುದಕ್ಕೆ ಬೇರೆಯೇ ಲೆಕ್ಕ ಇದೆ. ಆರೋಪಿ ತಪ್ಪು ಒಪ್ಪಿಕೊಂಡು, ನ್ಯಾಯಾಧೀಶರು ಅವನಿಗೆ ಏನಾದರೂ ಒಂದು ದಂಡವನ್ನೋ ಷರತ್ತನ್ನೋ ಹಾಕಿದರೆ ಸಾಕು, ಆಮೇಲೆ ರಾಜ್ಯದ ಕೋರ್ಟು ಕೇಸನ್ನು ಪೂರ್ತಿ ವಜಾ ಮಾಡಿದರೂ ಇಮಿಗ್ರೇಷನ್‌ನವರ ಕಣ್ಣಿಗೆ ಅವನು ಶಿಕ್ಷೆಯಾದವನೇ. ಒಂದು ವರ್ಷ ಒಳ್ಳೆಯವನಾಗಿದ್ದು ರಾಜ್ಯದ ದಾಖಲೆ ಶುಚಿ ಮಾಡಿಕೊಂಡು, ಗ್ರೀನ್ ಕಾರ್ಡ್ ಅರ್ಜಿ ಹಾಕುವಾಗ ಅದೇ ಒಪ್ಪಿಗೆ ಎದುರಿಗೆ ಬಂದು ನಿಲ್ಲುತ್ತದೆ. ಒಪ್ಪಿಗೆಯನ್ನೇ ಕೇಳದೆ ಕೇಸನ್ನು ಬದಿಗಿಡುವ ವ್ಯವಸ್ಥೆ ಆದರೆ ಅದು ಬೇರೆ ಮಾತು. ನಿಮ್ಮ ಮಗನ ವಕೀಲರು ಸರ್ಕಾರಿ ವಕೀಲರ ಹತ್ತಿರ ಕೇಳಬೇಕಾದದ್ದು ಅದನ್ನೇ: ತಪ್ಪೊಪ್ಪಿಗೆ ಇಲ್ಲದ ದಾರಿ ಏನಿದೆ? ಗಾಂಜಾಕ್ಕೆ ಸಂಬಂಧವೇ ಇಲ್ಲದ ಸಣ್ಣ ಆರೋಪಕ್ಕೆ ಇದನ್ನು ಬದಲಾಯಿಸಬಹುದಾ?

ಈಗ ನಿಮ್ಮ ನ್ಯಾಯವಾದ ಪ್ರಶ್ನೆ. ಡಾಕ್ಟರೇ ಬರೆದುಕೊಟ್ಟ ಮೇಲೆ ಕೇಸ್ ಹೇಗೆ?

ವಾಷಿಂಗ್ಟನ್‌ನಲ್ಲಿ ರೋಗಿಗಳಿಗೆ ಗಾಂಜಾ ಬಳಸಲು ದಾರಿ ತೆರೆದದ್ದು 1998ರಲ್ಲಿ, ಜನರ ಮತದಿಂದ. 2012ರಲ್ಲಿ ಮತ್ತೊಂದು ಮತ ನಡೆದು 21 ದಾಟಿದ ಯಾರೇ ಆದರೂ ಅಂಗಡಿಯಿಂದ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಕೊಂಡುಕೊಳ್ಳಬಹುದು ಅಂತ ಆಯಿತು. ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಬೆಳೆದರೆ ಏನಂತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆ ರಾಜ್ಯದಲ್ಲಿ ಸಾಮಾನ್ಯ ಜನ ಮನೆಯಲ್ಲಿ ಗಿಡ ಬೆಳೆಸುವ ಹಾಗಿಲ್ಲ. ಅದು 5 ವರ್ಷದವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ ಇರುವ ಗಂಭೀರ ಅಪರಾಧ. ಬೆಳೆಸುವ ಅವಕಾಶ ಇರುವುದು ರೋಗಿಗೆ ಮಾತ್ರ. ಆ ರೋಗಿಗಳಲ್ಲೂ ಎರಡು ಬಗೆ ಇದ್ದಾರೆ, ನಿಮ್ಮ ಮಗ ಸಿಕ್ಕಿಕೊಂಡಿರುವುದು ಅಲ್ಲೇ.

2016ರ ಜುಲೈ 1ರಿಂದ ಅಲ್ಲಿ ರೋಗಿಗಳ ಹೆಸರು ನೋಂದಾಯಿಸುವ ವ್ಯವಸ್ಥೆ ಇದೆ. ವೈದ್ಯರ ಪತ್ರ ಹಿಡಿದುಕೊಂಡು, ವೈದ್ಯಕೀಯ ಪರವಾನಗಿ ಇರುವ ಗಾಂಜಾ ಅಂಗಡಿಗೆ ಹೋಗಬೇಕು. ಅಲ್ಲಿ ತರಬೇತಿ ಪಡೆದ ಸಲಹೆಗಾರರು ಇರುತ್ತಾರೆ. ಅವರು ಪತ್ರ ಪರಿಶೀಲಿಸಿ, ಹೆಸರು ದಾಖಲಿಸಿ, ಫೋಟೊ ತೆಗೆದು ರೆಕಗ್ನಿಷನ್ ಕಾರ್ಡ್ ಕೊಡುತ್ತಾರೆ. ಈ ಕಾರ್ಡ್ ಇದ್ದವರು ಆರು ಗಿಡ ಬೆಳೆಸಬಹುದು, ವೈದ್ಯರು ಜಾಸ್ತಿ ಬೇಕು ಅಂತ ಬರೆದಿದ್ದರೆ 15ರವರೆಗೆ. ನಿಯಮದೊಳಗೆ ಇದ್ದರೆ ಅವರನ್ನು ಬಂಧಿಸುವ ಹಾಗೇ ಇಲ್ಲ. ಪತ್ರ ಇದೆ, ಹೆಸರು ನೋಂದಾಯಿಸಿಲ್ಲ ಅನ್ನುವವರಿಗೆ ನಾಲ್ಕೇ ಗಿಡ, ಆ ಗಿಡಗಳಿಂದ ಬಂದ ಆರು ಔನ್ಸ್. ಬಂಧನದಿಂದ ರಕ್ಷಣೆಯೂ ಅವರಿಗಿಲ್ಲ. ಅಧಿಕಾರಿಗೆ ಬೇಕೆನಿಸಿದರೆ ಠಾಣೆಗೆ ಕರೆದುಕೊಂಡು ಹೋಗಬಹುದು. ಆಮೇಲೆ ವಿಚಾರಣೆಯಲ್ಲಿ, ನಾನು ನಿಜವಾದ ರೋಗಿ, ನನ್ನ ಪತ್ರ ಸರಿಯಾಗಿದೆ ಅಂತ ಆರೋಪಿಯೇ ಸಾಬೀತು ಮಾಡಿ ಹೊರಗೆ ಬರಬೇಕು.

ಮಗನ ಹತ್ತಿರ ಕಾರ್ಡ್ ಇತ್ತೋ ಇಲ್ಲವೋ ನೀವು ಬರೆದಿಲ್ಲ. ಪತ್ರ ತೋರಿಸಿದ ಅಂತ ಮಾತ್ರ ಬರೆದಿದ್ದೀರಿ, ಹಾಗಾಗಿ ಇರಲಿಲ್ಲ ಅಂತ ನನ್ನ ಊಹೆ. ವೀಸಾ ಮೇಲೆ ಇರುವ ಹುಡುಗರು ಸರ್ಕಾರದ ಪಟ್ಟಿಯಲ್ಲಿ ಹೆಸರು ಬರುತ್ತದೆ ಅಂತ ಹೆದರಿ ನೋಂದಣಿಯನ್ನೇ ಬಿಡುತ್ತಾರೆ. ಆ ಹೆದರಿಕೆಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಹೆದರಿ ನೋಂದಣಿ ಬಿಟ್ಟವರು ಗಿಡ ಬೆಳೆಸುವುದನ್ನೂ ಬಿಡಬೇಕಿತ್ತು. ಅದೇ ಆರು ಗಿಡ ಕಾರ್ಡ್ ಇದ್ದಿದ್ದರೆ ಮಿತಿಯೊಳಗೆ, ಇಲ್ಲದಿದ್ದರೆ ಎರಡು ಜಾಸ್ತಿ.

ಇನ್ನು ವಾಸನೆಯ ವಿಷಯ. ಗಿಡ ಬೀದಿಗೆ ಕಾಣಬಾರದು, ಅದರ ವಾಸನೆ ಬೀದಿಗಾಗಲಿ ಪಕ್ಕದ ಮನೆಗಾಗಲಿ ಹೋಗಬಾರದು ಅಂತ ಆ ಕಾನೂನಿನಲ್ಲೇ ಇದೆ. ಸರ್ಕಾರಿ ವಕೀಲರು ಅದನ್ನೂ ಹಿಡಿಯಬಹುದು. ಪತ್ರ ತೋರಿಸಿದ ಮೇಲೂ ಪೊಲೀಸರು ಒಳಗೆ ಬಂದದ್ದು ಸರಿಯಾ ಅಂತ ನೀವು ಕೇಳಬಹುದು. ಫ್ರೈ ಎಂಬುವವರ ಪ್ರಕರಣದಲ್ಲಿ ವಾಷಿಂಗ್ಟನ್ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನೇ ತೀರ್ಮಾನಿಸಿತು. ಅಲ್ಲೂ ಗಾಂಜಾ ವಾಸನೆ ಬಂತು, ಅಲ್ಲೂ ವೈದ್ಯರ ಪತ್ರ ತೋರಿಸಿದರು, ಪೊಲೀಸರು ವಾರಂಟ್ ತಂದು ಮನೆ ಶೋಧಿಸಿದರು. ಪತ್ರ ತೋರಿಸಿದ ಮಾತ್ರಕ್ಕೆ ಅಪರಾಧದ ಅನುಮಾನ ಹೋಗುವುದಿಲ್ಲ, ಶೋಧ ಸರಿ ಅಂತ ಕೋರ್ಟ್ ಹೇಳಿತು. ಅಷ್ಟೇ ಅಲ್ಲ, ಅವರಿಗೆ ಬರೆದುಕೊಟ್ಟಿದ್ದ ತೊಂದರೆ ಕಾನೂನಿನ ಕಾಯಿಲೆಗಳ ಪಟ್ಟಿಯಲ್ಲೇ ಇರಲಿಲ್ಲ ಅಂತ ಅವರ ವಾದವನ್ನೂ ತಳ್ಳಿಹಾಕಿತು.

ಆ ಕೊನೆಯ ಮಾತು ನಿಮ್ಮ ಮಗನಿಗೆ ಬಹಳ ಮುಖ್ಯ. ಪಟ್ಟಿಯಲ್ಲಿ ಕ್ಯಾನ್ಸರ್, ಮೂರ್ಛೆರೋಗ, ಗ್ಲಾಕೋಮ ಇವೆ. ಬೇರೆ ಚಿಕಿತ್ಸೆಗೆ ಬಗ್ಗದ ನೋವೂ ಇದೆ. ಬಗ್ಗದ ಅನ್ನುವುದನ್ನು ತೋರಿಸಬೇಕು. ಹಾಗಾಗಿ ಅಪಘಾತದ ದಿನದ ಆಸ್ಪತ್ರೆ ದಾಖಲೆ, ಎಂಆರ್‌ಐ ವರದಿ, ಫಿಸಿಯೋಥೆರಪಿಗೆ ಹೋದ ಲೆಕ್ಕ, ಯಾವ ಮಾತ್ರೆ ಎಷ್ಟು ದಿನ ತೆಗೆದುಕೊಂಡ, ಯಾವುದು ಹಿಡಿಸಲಿಲ್ಲ, ಇವೆಲ್ಲವನ್ನೂ ಈಗಲೇ ಒಟ್ಟು ಮಾಡಿ ವಕೀಲರಿಗೆ ಕೊಡಲಿ. ಪತ್ರದ ತಾರೀಖು ನೋಡಲಿ, ದೊಡ್ಡವರಿಗೆ ಅದು ಒಂದು ವರ್ಷ ಮಾತ್ರ ನಡೆಯುತ್ತದೆ. ಅಲ್ಲಿನ ಆರೋಗ್ಯ ಇಲಾಖೆಯ ನಮೂನೆಯಲ್ಲೇ, ತಿದ್ದಲಾಗದ ಕಾಗದದ ಮೇಲೆ ಇರಬೇಕು. ವೈದ್ಯರು ಮೊದಲ ಸಲ ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡಿರಬೇಕು. ಇದೆಲ್ಲ ಸರಿಯಿದ್ದರೆ, ಗಿಡ ಮಿತಿಗಿಂತ ಜಾಸ್ತಿ ಇದ್ದರೂ ನನ್ನ ಕಾಯಿಲೆಗೆ ಇಷ್ಟು ಬೇಕೇ ಬೇಕು ಅಂತ ವಿಚಾರಣೆಯಲ್ಲಿ ಸಾಬೀತು ಮಾಡಲು ಕಾನೂನು ಅವಕಾಶ ಕೊಟ್ಟಿದೆ. ಇನ್ನೊಂದು ವಿಷಯ. ಮಿತಿ ಮೀರಿದ ಗಿಡಗಳನ್ನು ಅಧಿಕಾರಿ ಕೀಳುವಾಗ ಯಾವ ಗಿಡ ಉಳಿಯಬೇಕು ಅಂತ ಆರಿಸುವ ಹಕ್ಕು ರೋಗಿಗೆ ಇದೆ. ಆರಕ್ಕೆ ಆರೂ ಕಿತ್ತುಕೊಂಡು ಹೋದರು ಅಂದರೆ ಯಾಕೆ ಅಂತ ವಕೀಲರು ಕೇಳಲೇಬೇಕು.

ಇದು ರಾಜ್ಯದ ಕಥೆ. ನನಗೆ ಹೆಚ್ಚು ಆತಂಕ ಇರುವುದು ಫೆಡರಲ್ ಕಾನೂನಿನದು, ಅಂದರೆ ಇಡೀ ದೇಶದ ಕಾನೂನು. 1970ರ ಕಾಯ್ದೆಯಲ್ಲಿ ಗಾಂಜಾವನ್ನು ಹೆರಾಯಿನ್ ಜೊತೆ ಮೊದಲನೇ ಪಟ್ಟಿಯಲ್ಲಿ, ಅಂದರೆ ಔಷಧಿ ಅಂತ ಒಪ್ಪದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಇಟ್ಟರು. ಅದಕ್ಕೇ ಅಲ್ಲಿನ ವೈದ್ಯರು ಗಾಂಜಾಕ್ಕೆ ಔಷಧಿ ಚೀಟಿ ಬರೆಯುವಂತಿಲ್ಲ, ಬಳಸಬಹುದು ಅಂತ ಅನುಮತಿ ಪತ್ರ ಮಾತ್ರ ಕೊಡುತ್ತಾರೆ. ಇದನ್ನು ಅಷ್ಟು ಕಟ್ಟುನಿಟ್ಟಿಲ್ಲದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ 2024ರಲ್ಲಿ ಬಂತು. ಮೂರನೇ ಪಟ್ಟಿಗೆ ಬಂದರೂ ಅದು ನಿಯಂತ್ರಿತ ವಸ್ತುವೇ, ಇಮಿಗ್ರೇಷನ್‌ನವರಿಗೆ ಅಷ್ಟು ಸಾಕು.

ಡಯೇನ್ ಮಾನ್ಸನ್ ಅಂತ ಕ್ಯಾಲಿಫೋರ್ನಿಯಾದ ಹೆಣ್ಣುಮಗಳು. ಅವರಿಗೂ ಬೆನ್ನುನೋವು, ಅವರ ಮನೆಯಲ್ಲೂ ಆರೇ ಗಿಡ. 2002ರಲ್ಲಿ ಸ್ಥಳೀಯ ಪೊಲೀಸರ ಜೊತೆ ಫೆಡರಲ್ ಅಧಿಕಾರಿಗಳೂ ಬಂದರು. ಸ್ಥಳೀಯರು ನೋಡಿ, ನಮ್ಮ ರಾಜ್ಯದ ಕಾನೂನಿನಲ್ಲಿ ಇದು ಸರಿಯಾಗಿದೆ ಅಂದರು. ಮೂರು ಗಂಟೆ ಜಗ್ಗಾಟ ನಡೆದ ಮೇಲೆ ಫೆಡರಲ್‌ನವರು ಆರೂ ಗಿಡ ಕಿತ್ತು ನಾಶ ಮಾಡಿದರು. ಅವರೂ ಏಂಜಲ್ ರೈಚ್ ಎಂಬ ಇನ್ನೊಬ್ಬ ರೋಗಿಯೂ ಕೋರ್ಟಿಗೆ ಹೋದರು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯ ಒಪ್ಪಿದರೂ ದೇಶದ ಕಾನೂನು ಹಾಗೇ ಅನ್ವಯಿಸುತ್ತದೆ ಅಂದುಬಿಟ್ಟಿತು. ನರಳುವ ರೋಗಿಯ ವಿಷಯದಲ್ಲಿ ಇದು ಕಠೋರ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ವೀಸಾ ಅಧಿಕಾರಿ ನೋಡುವುದು ಇದೇ ಕಾನೂನನ್ನು.

ಅಮೆರಿಕದಲ್ಲಿರುವ ವಿದೇಶಿಯನ್ನು ಮಾದಕ ವಸ್ತುವಿನ ಕೇಸಿನಲ್ಲಿ ಗಡೀಪಾರು ಮಾಡುವ ಕಲಮಿಗೆ ಒಂದೇ ಒಂದು ಸಣ್ಣ ವಿನಾಯಿತಿ ಇದೆ. ಸ್ವಂತ ಬಳಕೆಗೆ 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಇಟ್ಟುಕೊಂಡ ಒಂದೇ ಒಂದು ಅಪರಾಧ. ಗಿಡ ಬೆಳೆಸಿದ ಆರೋಪ ಇದರೊಳಗೆ ಬರುವುದಿಲ್ಲ. ಅದು ಮಾದಕ ವಸ್ತು ತಯಾರಿಕೆ ಅಂತ ಆಗಿ, ಇಮಿಗ್ರೇಷನ್‌ನಲ್ಲಿ ಅತಿ ಗಂಭೀರ ಅಪರಾಧಗಳ ಸಾಲಿಗೆ ಸೇರಬಹುದು. ಅದಕ್ಕೇ ಅಮ್ಮಾ, ಜೈಲಿಲ್ಲ ಅನ್ನುವ ಮಾತಿಗೆ ಮರುಳಾಗಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು. ಹೋಸೆ ಪಡಿಯಾ ಅಂತ ಒಬ್ಬ ಲಾರಿ ಡ್ರೈವರ್, ಹೊಂಡುರಾಸ್ ಮೂಲದವರು, 40 ವರ್ಷ ಅಮೆರಿಕದಲ್ಲಿ ಇದ್ದವರು, ವಿಯೆಟ್ನಾಂ ಯುದ್ಧದಲ್ಲಿ ಆ ದೇಶಕ್ಕಾಗಿ ದುಡಿದವರು. ಲಾರಿಯಲ್ಲಿ ಗಾಂಜಾ ಸಿಕ್ಕಿ ಕೆಂಟಕಿಯಲ್ಲಿ ಕೇಸ್ ಆಯಿತು. ಇಷ್ಟು ವರ್ಷದಿಂದ ಇದ್ದೀರಿ, ಇಮಿಗ್ರೇಷನ್ ಚಿಂತೆ ಬೇಡ ಅಂತ ಅವರ ವಕೀಲರೇ ಹೇಳಿದರು. ಒಪ್ಪಿಕೊಂಡರು, ಗಡೀಪಾರಿನ ಬಾಗಿಲಿಗೆ ಬಂದರು. 2010ರಲ್ಲಿ ಸುಪ್ರೀಂ ಕೋರ್ಟ್ ಅವರ ಕೇಸಿನಲ್ಲೇ, ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ಅದನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಅಂತ ತೀರ್ಪು ಕೊಟ್ಟಿತು. ಆ ಹಕ್ಕು ನಿಮ್ಮ ಮಗನಿಗೂ ಇದೆ. ಈಗಿನ ವಕೀಲರಿಗೆ ಇಮಿಗ್ರೇಷನ್ ಗೊತ್ತಿಲ್ಲದಿದ್ದರೆ ಇನ್ನೊಬ್ಬರನ್ನು ಜೊತೆಗೆ ಹಿಡಿಯಬೇಕು. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಇಲ್ಲಿ ಉಳಿಸಲು ಹೋಗಬೇಡಿ.

ಊರಿಗೆ ಬಂದುಬಿಡು ಅಂತ ಖಂಡಿತ ಹೇಳಬೇಡಿ. ಕೋರ್ಟಿನ ತಾರೀಖು ತಪ್ಪಿದರೆ ವಾರಂಟ್ ಹೊರಡುತ್ತದೆ. ತಾರೀಖಿನ ನಡುವೆ ಬಂದು ಹೋಗುತ್ತೇನೆ ಅಂದರೂ, ವಾಪಸ್ ಹೋಗಲು ವೀಸಾ ಸ್ಟಾಂಪಿಂಗ್ ಬೇಕಾಗಿದ್ದರೆ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಕೂರಬೇಕು. ಆ ಅರ್ಜಿಯಲ್ಲಿ ಬಂಧನ ಆಗಿದೆಯಾ, ಮಾದಕ ವಸ್ತು ಕಾನೂನು ಮುರಿದಿದ್ದೀರಾ ಅಂತ ನೇರವಾಗಿ ಕೇಳಿರುತ್ತದೆ. ಸುಳ್ಳು ಬರೆದರೆ ಅದಕ್ಕೇ ಜೀವನಪೂರ್ತಿ ಬಾಗಿಲು ಮುಚ್ಚಬಹುದು. ಶಿಕ್ಷೆ ಆಗದಿದ್ದರೂ, ಹೌದು ಬೆಳೆಸಿದ್ದೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಲು ಕಾನೂನಿನಲ್ಲಿ ಅವಕಾಶ ಇದೆ. ಹಾಗಾಗಿ ಪಕ್ಕದ ಕೆನಡಾದ ವ್ಯಾಂಕೂವರ್‌ಗೆ ವಾರಾಂತ್ಯದ ಪ್ರವಾಸವೂ ಸದ್ಯಕ್ಕೆ ಬೇಡ, ವಾಪಸ್ ಬರುವಾಗ ಗಡಿಯಲ್ಲಿ ಸಿಗುವವರು ಫೆಡರಲ್ ಅಧಿಕಾರಿಗಳು. ವಾಟ್ಸ್ಆ್ಯಪ್‌ನಲ್ಲಿ ಕೇಸಿನ ಬಗ್ಗೆ, ಗಿಡದ ಬಗ್ಗೆ ಗೆಳೆಯರ ಜೊತೆ ಬರೆದಾಡುವುದು ಬೇಡ. ನೀವೂ ಬರೆಯಬೇಡಿ. ಹಳೆಯ ಸಂದೇಶಗಳನ್ನು ಹೆದರಿ ಅಳಿಸುವುದಕ್ಕೂ ಮುಂಚೆ ವಕೀಲರನ್ನು ಕೇಳಲಿ, ಸಾಕ್ಷ್ಯ ನಾಶ ಅಂತ ಇನ್ನೊಂದು ತಲೆನೋವು ಬೇಡ.

ಕೆಲಸದ ಬಗ್ಗೆಯೂ ಹೇಳಿಬಿಡುತ್ತೇನೆ. ರೋಗಿಯ ಪತ್ರ ಇದ್ದರೂ ಗಾಂಜಾ ಬಳಸಿದ್ದಕ್ಕೆ ಕಂಪನಿ ಕೆಲಸದಿಂದ ತೆಗೆಯಬಹುದು ಅಂತ ವಾಷಿಂಗ್ಟನ್ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೆಲಸ ಹೋದರೆ ಎಚ್-1ಬಿಯವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಹೆಚ್ಚೆಂದರೆ 60 ದಿನ. ಕಂಪನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದನ್ನೂ ವಕೀಲರೇ ತೀರ್ಮಾನ ಮಾಡಲಿ.

ಯಜಮಾನರಿಗೆ ಹೇಳಿ, ಅಮ್ಮಾ. ಈ ಭಾರ ಒಬ್ಬರೇ ಹೊರಬೇಡಿ. ಮಗ ದಾರಿ ತಪ್ಪಿದ ಅಂತ ಹೇಳಬೇಡಿ, ನೋವು ತಡೆಯಲಾಗದೆ ವೈದ್ಯರ ಮಾತು ಕೇಳಿದ ಅಂತ ಹೇಳಿ, ನಡೆದದ್ದೂ ಅದೇ ಅಲ್ವಾ? ಕೇಸ್ ನಡೆಯುವಷ್ಟು ದಿನ ಅವನು ಗಾಂಜಾ ಮುಟ್ಟದಿರುವುದು ಒಳ್ಳೆಯದು. ಆಗ ನೋವು ಮತ್ತೆ ಜೋರಾಗುತ್ತದೆ. ಬೇರೆ ಚಿಕಿತ್ಸೆಗೆ ವೈದ್ಯರನ್ನು ಕಾಣು ಅಂತ ನೀವೇ ನೆನಪಿಸುತ್ತಿರಿ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ, ಗ್ರೀನ್ ಕಾರ್ಡ್ ಇದೆ, ಮುಂದಿನ ವರ್ಷ ಸಿಟಿಜನ್‌ಶಿಪ್ ಅರ್ಜಿ ಹಾಕುತ್ತಾಳೆ. ನಿದ್ರೆ ಬರಲ್ಲ ಅಂತ ಡಾಕ್ಟರ್ ಶಿಫಾರಸಿನ ಮೇಲೆ ಗಾಂಜಾ ಗಮ್ಮಿ (ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ) ತಿನ್ನುತ್ತಾಳೆ. ದಸರಾಕ್ಕೆ ಬರುವಾಗ ಒಂದು ಡಬ್ಬಿ ತರಬಹುದಾ? ಡಾಕ್ಟರ್ ಪತ್ರವೂ ಜೊತೆಗಿರುತ್ತದೆ.
ಓದುಗರು, ಬಸವನಗುಡಿ

ಉತ್ತರ: ಬೇಡ. ಒಂದು ಗಮ್ಮಿಯೂ ಬೇಡ. ನಮ್ಮ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985ರದ್ದು. ಅದರಲ್ಲಿ ವೈದ್ಯಕೀಯ ಬಳಕೆಗೆ ವಿನಾಯಿತಿ ಅಂತ ಇದೆ, ಆದರೆ ಅದು ನಮ್ಮ ಸರ್ಕಾರದ ಪರವಾನಗಿ ಇದ್ದಾಗ ಮಾತ್ರ. ಕ್ಯಾಲಿಫೋರ್ನಿಯಾ ಡಾಕ್ಟರ ಪತ್ರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಬೆಲೆ ಇಲ್ಲ. ಹೊರದೇಶದಿಂದ ತಂದರೆ ಅದು ಆಮದು. ಸಣ್ಣ ಪ್ರಮಾಣ ಅಂತ ಆದರೂ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಮ್ಮಿಯಲ್ಲಿ ಇರುವ ಗಾಂಜಾದ ಅಂಶ ಕೆಲವೇ ಮಿಲಿಗ್ರಾಂ ಅಲ್ವಾ ಅಂತ ವಾದ ಮಾಡುವ ಹಾಗೂ ಇಲ್ಲ. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಬೇರೆ ಪದಾರ್ಥ ಬೆರೆಸಿದ್ದರೆ ಅದನ್ನೂ ಸೇರಿಸಿ ಒಟ್ಟು ತೂಕ ಲೆಕ್ಕ ಹಾಕಬೇಕು ಅಂದಿದೆ. ಸಣ್ಣ ಪ್ರಮಾಣ ಅನ್ನುವುದು ಗಾಂಜಾಕ್ಕೆ 1 ಕಿಲೋ, ಅದೇ ಗಿಡದ ಅಂಟಾದ ಚರಸ್‌ಗೆ 100 ಗ್ರಾಂ ಮಾತ್ರ. ದುಬೈ ಅಥವಾ ದೋಹಾ ಮೇಲೆ ಬರುವುದಾದರೆ ಅಲ್ಲಿನ ಕಾನೂನನ್ನೂ ದಾಟಿ ಬರಬೇಕು.

ಅದಕ್ಕಿಂತ ದೊಡ್ಡ ಮಾತು ಅವಳ ಸಿಟಿಜನ್‌ಶಿಪ್‌ನದ್ದು. ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ದರೂ ಗಾಂಜಾ ಬಳಕೆ ಸಿಟಿಜನ್‌ಶಿಪ್‌ಗೆ ತೋರಿಸಬೇಕಾದ ಒಳ್ಳೆಯ ನಡತೆಗೆ ಅಡ್ಡಿ ಅಂತ ಅಲ್ಲಿನ ಇಮಿಗ್ರೇಷನ್ ಇಲಾಖೆ 2019ರ ಏಪ್ರಿಲ್‌ನಲ್ಲಿ ಲಿಖಿತವಾಗಿ ಹೇಳಿದೆ. ಕೇಸೇ ಇಲ್ಲದವರಿಗೂ ಇದು ತಗಲುತ್ತದೆ. ಅರ್ಜಿ ಹಾಕುವ ಮುಂಚೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಅವಳು ಪೂರ್ತಿ ನಿಜ ಹೇಳಲಿ. ನಿದ್ರೆಗೆ ಬೇರೆ ಔಷಧಿಗೆ ಈಗಿನಿಂದಲೇ ಬದಲಾಗಲಿ.

ಪ್ರಶ್ನೆ: ನನಗೆ 58, ಮಂಡಿನೋವು. ಆನ್‌ಲೈನಿನಲ್ಲಿ ಆಯುರ್ವೇದ ವೈದ್ಯರು ನೋಡಿ ವಿಜಯಾ ಎಣ್ಣೆ ಬರೆದುಕೊಟ್ಟಿದ್ದಾರೆ, ಕೊರಿಯರ್‌ನಲ್ಲಿ ಬರುತ್ತದೆ. ಇದು ಗಾಂಜಾ ಗಿಡದ್ದೇ ಅಂತ ಈಗ ಗೊತ್ತಾಯಿತು. ಪೊಲೀಸರು ಹಿಡಿದರೆ? ಸಿಂಗಪುರದಲ್ಲಿರುವ ಮಗನ ಮನೆಗೂ ಹೋಗುವುದಿದೆ.
ಓದುಗರು, ಹುಬ್ಬಳ್ಳಿ

ಉತ್ತರ: ಸರ್, ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಇರುವ ತುದಿ. ತುದಿ ಸೇರದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಕೇಸಿನಲ್ಲಿ ಜಾಮೀನು ಕೊಡುವಾಗ, ಭಂಗಿ, ಅಂದರೆ ಆ ಎಲೆಯಿಂದ ಮಾಡುವ ಭಾಂಗ್, ಈ ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿ ಇಲ್ಲ ಅಂತ ಗಮನಿಸಿದೆ. ಪರವಾನಗಿ ಇರುವ ಆಯುರ್ವೇದ ಕಂಪನಿಗಳು ಎಲೆಯಿಂದಲೇ ಔಷಧಿ ಮಾಡುತ್ತವೆ. ಆದರೆ ಹೈಕೋರ್ಟ್ ಹೇಳಿದ್ದು ಜಾಮೀನಿನ ಆದೇಶದಲ್ಲಿ, ಮತ್ತು ಬಾಟಲಿಯಲ್ಲಿ ಇರುವುದು ಎಲೆಯದ್ದೋ ತುದಿಯದ್ದೋ ಅಂತ ರಸ್ತೆಯಲ್ಲಿ ನಿಂತ ಪೊಲೀಸರಿಗೆ ಗೊತ್ತಾಗುವುದಿಲ್ಲ. ವೈದ್ಯರ ಚೀಟಿ, ಬಿಲ್ಲು, ಲೇಬಲ್ ಕಿತ್ತುಹೋಗದ ಬಾಟಲಿ, ಮೂರನ್ನೂ ಒಟ್ಟಿಗೆ ಇಡಿ. ಲೇಬಲ್ ಮೇಲೆ ಆಯುರ್ವೇದ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇದೆಯಾ ನೋಡಿ, ಇಲ್ಲದಿದ್ದರೆ ಆ ಕಂಪನಿಯದ್ದು ತರಿಸಬೇಡಿ. ಬೇರೆ ಸೀಸೆಗೆ ಸುರಿದುಕೊಂಡು ಓಡಾಡಬೇಡಿ. ಒಂದು ವೇಳೆ ವಶಪಡಿಸಿಕೊಂಡರೆ ಜಗಳ ಆಡಬೇಡಿ, ಲೇಬಲ್ ವಿವರ ಮತ್ತು ಬ್ಯಾಚ್ ಸಂಖ್ಯೆಯನ್ನು ಮಹಜರಿನಲ್ಲಿ ಬರೆಯಿರಿ ಅಂತ ಕೇಳಿ, ಲ್ಯಾಬ್ ವರದಿ ಬಂದಾಗ ಅದೇ ನಿಮಗೆ ಆಧಾರ.

ಸಿಂಗಪುರಕ್ಕೆ ಆ ಬಾಟಲಿ ಒಯ್ಯಲೇಬೇಡಿ. ಅಲ್ಲಿನ ಕಾನೂನಿನಲ್ಲಿ ಗಾಂಜಾ ಎ ವರ್ಗದ ಮಾದಕ ವಸ್ತು, ನಮ್ಮ ವೈದ್ಯರ ಚೀಟಿ ಅಲ್ಲಿ ನಡೆಯುವುದಿಲ್ಲ. ಹೊರಡುವ ಮುಂಚೆ ಬ್ಯಾಗು, ಔಷಧಿ ಡಬ್ಬಿ ಎಲ್ಲ ಒಂದು ಸಲ ಖಾಲಿ ಮಾಡಿ ನೋಡಿಕೊಳ್ಳಿ. ಮಂಡಿಗೆ ಬೇರೆ ಏನು ತೆಗೆದುಕೊಳ್ಳಬಹುದು ಅಂತ ಹುಬ್ಬಳ್ಳಿಯಲ್ಲೇ ಮೂಳೆ ಡಾಕ್ಟರನ್ನು ಕಂಡು, ಅದರ ಚೀಟಿ ಜೊತೆಗಿಟ್ಟುಕೊಂಡು ಹೊರಡಿ.